ನೋಡಿದ ಊರು, ಕೇಳಿದ ಊರು

ಈ ಸಲದ ದೀಪಾವಳಿಗೆ ನಮ್ಮ ಮನೆಗೆ ಬಂದ ಭಾವಮೈದುನನು ಕೈಯಲ್ಲಿ ಮಿಠಾಯಿಯ ಪೊಟ್ಟಣವನ್ನೂ ಕಂಕುಳಲ್ಲಿ ಚೀನಾದೇಶವನ್ನೂ ಹಿಡಿದುಕೊಂಡು ಬಂದಿದ್ದನು. ಚೀನಾದೇಶವೆಂದರೆ ಅದರ ಭೂಪಟ. ಬೆಂಗಳೂರಿನ ಕಂಪೆನಿಯೊಂದರಲ್ಲಿ ಅವನಿಗೆ ಕೆಲಸ. ವರ್ಷಕ್ಕೊಮ್ಮೆ ಸಮುದ್ರ ದಾಟದಿದ್ದರೆ ಅವನಿಗೆ ಅನ್ನ ರುಚಿಸುವುದಿಲ್ಲ. ಹಬ್ಬದ ಊಟ ಮುಗಿದು ಎಲೆ ಎತ್ತಿದ ಮೇಲೆ, ಅದೇ ನಡುಮನೆಯಲ್ಲಿ ಅವನು ಭೂಪಟವನ್ನು ಹಾಸಿ, ಅದರ ನಾಲ್ಕು ಮೂಲೆಗಳಿಗೆ ನಾಲ್ಕು ಹೋಳಿಗೆಯ ತಟ್ಟೆಗಳನ್ನಿಟ್ಟು, "ಭಾವ, ನೀವು ಸ್ವಲ್ಪ ನೋಡಬೇಕು. ಎಂಟು ದಿನಗಳಲ್ಲಿ ಚೀನಾದ ಹಳೆಯ ರಾಜಧಾನಿಗಳನ್ನೆಲ್ಲ ಮುಗಿಸಬೇಕೆಂದಿದ್ದೇನೆ" ಎಂದನು.

ನಾನು ಹೊನ್ನಾಳಿಯಲ್ಲಿ ಕನ್ನಡದ ಉಪನ್ಯಾಸಕ. ಚೀನಾಕ್ಕೂ ನನಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕನ್ನಡ ಎಂ.ಎ. ಮಾಡಿದವನಿಗೆ ಬಂಧುಬಳಗದಲ್ಲಿ ಒದಗುವ ಗೌರವ ಒಂದೇ ಬಗೆಯದು: ಜಗತ್ತಿನಲ್ಲಿ ಹಳೆಯದಾದದ್ದು ಏನಿದ್ದರೂ ಅದು ಇವನಿಗೆ ಗೊತ್ತಿರಬೇಕೆಂದು ಎಲ್ಲರೂ ತಿಳಿದಿರುತ್ತಾರೆ. ಅಟ್ಟದ ಮೇಲೆ ಸಿಕ್ಕಿದ ಹಿತ್ತಾಳೆಯ ಕೊಳಗದಿಂದ ಹಿಡಿದು ಅಜ್ಜನ ಕಾಲದ ಕ್ರಯಪತ್ರದವರೆಗೆ ಎಲ್ಲವೂ ನನ್ನ ಪರೀಕ್ಷೆಗೆ ಬಂದಿವೆ. ಈಗ ಒಂದು ದೇಶವೇ ಬಂದಿತ್ತು, ಅಷ್ಟೇ ವ್ಯತ್ಯಾಸ.

ಅವನ ಯೋಜನೆ ಅಚ್ಚುಕಟ್ಟಾಗಿತ್ತು. ಮೊದಲ ಮೂರು ದಿನ ಶಿಯಾನ್ ನಗರ. ಅದು ಹಿಂದಿನ ಚಾಂಗಾನ್, ಹಲವು ರಾಜವಂಶಗಳಿಗೆ ರಾಜಧಾನಿಯಾಗಿದ್ದ ಊರು. ಅದರ ಸಮೀಪದಲ್ಲಿಯೇ, 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಮೊದಲು ತಗಲಿದ ಸುಟ್ಟ ಮಣ್ಣಿನ ಸೇನೆ, ತನ್ನ ಚಕ್ರವರ್ತಿಯ ಸಮಾಧಿಯನ್ನು ಎರಡು ಸಾವಿರ ವರ್ಷಗಳಿಂದ ಕಾಯುತ್ತ ನಿಂತಿದೆ. ಆಮೇಲೆ ಲುವೋಯಾಂಗ್, ಅಲ್ಲಿ ಬಂಡೆಯಲ್ಲಿ ಕಡೆದ ಬುದ್ಧರ ಲಾಂಗ್‌ಮೆನ್ ಗುಹೆಗಳು. ಆಮೇಲೆ ಕೈಫೆಂಗ್. ಕೊನೆಗೆ ಬೀಜಿಂಗ್, ಮತ್ತು 1420ರಲ್ಲಿ ಪೂರ್ಣಗೊಂಡ ಅದರ ಅರಮನೆ. ಯಾವ ರೈಲು ಎಷ್ಟು ಗಂಟೆಗೆ, ಯಾವ ಹೋಟೆಲಿನಿಂದ ಯಾವ ಗೋಪುರಕ್ಕೆ ಎಷ್ಟು ಹೆಜ್ಜೆ ಎಂಬುದನ್ನೆಲ್ಲ ಅವನು ಬರೆದಿಟ್ಟಿದ್ದನು. ನನಗೆ ಉಳಿದದ್ದು ತಲೆದೂಗುವ ಕೆಲಸ ಮಾತ್ರ.

ಆದರೆ ಮೇಷ್ಟರಿಗೆ ತಲೆದೂಗಿ ಸುಮ್ಮನಿರುವ ವಿದ್ಯೆ ಬರುವುದಿಲ್ಲ. ಶಿಯಾನ್ ನಗರದ ಮೇಲೆ ಬೆರಳಿಟ್ಟು, "ಇಲ್ಲಿ ದೊಡ್ಡ ಕಾಡುಬಾತಿನ ಗೋಪುರವೆಂದು ಒಂದಿದೆ, ಅದನ್ನು ಬಿಡಬೇಡ" ಎಂದು ಆರಂಭಿಸಿದೆ. ಆ ಗೋಪುರವನ್ನು ಕ್ರಿ.ಶ. 652ರಲ್ಲಿ ಕಟ್ಟಿದ್ದು ಹ್ಯೂಯೆನ್‌ತ್ಸಾಂಗನು ನಮ್ಮ ದೇಶದಿಂದ ಹೊತ್ತು ತಂದ ಗ್ರಂಥಗಳನ್ನು ಇಡುವುದಕ್ಕಾಗಿ. ಆ ಭಿಕ್ಷುವು ಅರಸನ ಅಪ್ಪಣೆಯಿಲ್ಲದೆ ಗಡಿ ದಾಟಿ, ಮರಳುಗಾಡು ಹಿಮಪರ್ವತಗಳನ್ನು ಹಾದು ಭರತಖಂಡಕ್ಕೆ ಬಂದು, ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ತಿರುಗಿ, 645ರಲ್ಲಿ ತನ್ನ ರಾಜಧಾನಿಗೆ ಹಿಂದಿರುಗಿದನು. ನಮ್ಮ ಇಮ್ಮಡಿ ಪುಲಿಕೇಶಿಯ ಶೌರ್ಯವನ್ನು ಹೊಗಳಿದನು. ದಕ್ಷಿಣದಲ್ಲಿ ಅವನು ಹೇಳುವ ಕೊಂಕಣಪುರವೆಂಬ ಪಟ್ಟಣ ನಮ್ಮ ಬನವಾಸಿಯೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿದರು. ಅಲ್ಲವೆಂದು ಮತ್ತೆ ಕೆಲವರು ವಾದಿಸಿದರು.

"ಇದೆಲ್ಲಕ್ಕಿಂತ ದೊಡ್ಡ ಮಾತೊಂದಿದೆ, ಕೇಳು" ಎಂದು ನಾನು ಹೋಳಿಗೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಅವನು ನೂರಕ್ಕೂ ಹೆಚ್ಚು ನಾಡುಗಳ ವಿಷಯ ಹೇಳಿದ. ಅದನ್ನು ಬರೆದುಕೊಂಡ ಶಿಷ್ಯ ಬಿಯಾನ್‌ಜಿಯು ಗ್ರಂಥದ ಕೊನೆಯಲ್ಲಿ ಒಂದು ವಿವರಣೆ ಕೊಟ್ಟಿದ್ದಾನೆ. ಗುರುವು ತಾನೇ ಹೋಗಿ ಕಂಡ ನಾಡಿಗೆ ಒಂದು ಶಬ್ದ, ಇತರರಿಂದ ಕೇಳಿ ತಿಳಿದ ನಾಡಿಗೆ ಬೇರೊಂದು ಶಬ್ದ. ಓದುವವನು ಮೋಸಹೋಗಬಾರದು! ಎಂತಹ ಪ್ರಾಮಾಣಿಕತೆ ನೋಡು. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ..."

ವಾಕ್ಯ ಅಲ್ಲಿಗೇ ನಿಂತಿತು. ಗಂಟಲಿನಲ್ಲಿ ಹೋಳಿಗೆ ಸಿಕ್ಕಿಕೊಂಡಿತೆಂದು ನನ್ನಾಕೆ ಓಡಿಹೋಗಿ ನೀರು ತಂದಳು. ಸಿಕ್ಕಿಕೊಂಡಿದ್ದದ್ದು ಹೋಳಿಗೆಯಲ್ಲ.

ಏನೆಂದು ಹೇಳುತ್ತೇನೆ. ಹಬ್ಬಕ್ಕೆ ಹತ್ತು ದಿನ ಮುಂಚೆ, ಬಿ.ಎ. ತರಗತಿಯಲ್ಲಿ ಪಂಪನ ಬನವಾಸಿಯ ಪದ್ಯಗಳನ್ನು ಪಾಠಮಾಡುತ್ತಿದ್ದೆ. ಈ ಪಾಠವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಯಾವ ಪದದ ಮೇಲೆ ಧ್ವನಿ ಏರಿಸಬೇಕು, ಎಲ್ಲಿ ಕಿಟಕಿಯ ಆಚೆ ನೋಡಬೇಕು, ಎಲ್ಲಿ ಒಂದು ಕ್ಷಣ ಮೌನವಾಗಬೇಕು ಎಂಬುದೆಲ್ಲ ನನಗೆ ಕಂಠಪಾಠ. ಆ ದಿನವೂ ಮೌನ ಚೆನ್ನಾಗಿಯೇ ಬಂದಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತನು. ಜಗಳೂರು ತಾಲ್ಲೂಕಿನವನು, ಇಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಾನೆ. ವರ್ಷದಲ್ಲಿ ನಾಲ್ಕು ಮಾತು ಆಡಿದರೆ ಹೆಚ್ಚು.

"ಸಾರ್, ಬನವಾಸಿಯಲ್ಲಿ ಈಗಲೂ ಅಷ್ಟೊಂದು ಮಾವಿನ ಮರ, ಮಲ್ಲಿಗೆ ಬಳ್ಳಿ ಇವೆಯೇ? ತಾವು ನೋಡಿದ್ದೀರಾ?"

ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎಂಬ ಸೀಮೆಯಿಂದ ಬಂದ ಹುಡುಗನ ಪ್ರಶ್ನೆ ಅದು. ಅದರಲ್ಲಿ ಕುಚೋದ್ಯವಿರಲಿಲ್ಲ. ಮರಗಳಿವೆಯೇ ಎಂದು ತಿಳಿಯುವುದು ಅವನಿಗೆ ನಿಜವಾಗಿಯೂ ಬೇಕಾಗಿತ್ತು. ನಾನು ಕಣ್ಣು ಮಿಟುಕಿಸದೆ, "ಇವೆ. ನೋಡಿದ್ದೇನೆ" ಎಂದೆ. ಅಷ್ಟೇ ಅಲ್ಲ, ವರದಾ ನದಿಯ ಮೇಲಿಂದ ಬರುವ ತಂಪು ಗಾಳಿಯ ವಿಷಯವನ್ನೂ ಎರಡು ವಾಕ್ಯ ಸೇರಿಸಿದೆ. ಹುಡುಗನು ತೃಪ್ತನಾಗಿ ಕುಳಿತುಕೊಂಡನು.

ವಾಚಕರೇ, ನಾನು ಬನವಾಸಿಯನ್ನು ನೋಡಿರಲಿಲ್ಲ. ಹೊನ್ನಾಳಿಯಿಂದ ಅದು ನೂರಕ್ಕಿಷ್ಟು ಮೇಲ್ಪಟ್ಟ ಕಿಲೋಮೀಟರು. ಹ್ಯೂಯೆನ್‌ತ್ಸಾಂಗನಿಗೆ ಹದಿನಾರು ವರ್ಷ ಹಿಡಿಯಿತು. ನನಗೆ ಹನ್ನೊಂದು ವರ್ಷಗಳಲ್ಲಿ ಒಂದು ಭಾನುವಾರ ಸಿಕ್ಕಿರಲಿಲ್ಲ.

ಆ ರಾತ್ರಿ ಭಾವಮೈದುನನು, "ಭಾವ, ನೀವೂ ನನ್ನೊಡನೆ ಬಂದುಬಿಡಿ" ಎಂದು ಕರೆದನು. ಖರ್ಚನ್ನು ಕೇಳಿ ನಾನು ನಕ್ಕೆ. ಒಳಗಿನಿಂದ ನನ್ನಾಕೆ ನಗದೆ ಅಂದಳು: "ಮದುವೆಯಾದ ವರ್ಷ ಬನವಾಸಿ ತೋರಿಸುತ್ತೇನೆಂದಿದ್ದರು, ತಮ್ಮಾ. ನೀನು ಚೀನಾ ನೋಡಿಕೊಂಡು ಬಾ. ಅಷ್ಟರಲ್ಲಿ ನಾವು ಶಿಕಾರಿಪುರದವರೆಗಾದರೂ ಹೋಗಿರುತ್ತೇವೆ."

ಮರುದಿನ ಅವನು ಊರಿಗೆ ಹೋದನು. ಚೀನಾ ಯೋಜನೆಯ ಒಂದು ಪ್ರತಿ ನಮ್ಮಲ್ಲಿಯೇ ಉಳಿಯಿತು. ಅದರ ಹಿಂಬದಿ ಖಾಲಿಯಾಗಿದ್ದಿತು. ಪೆನ್ನು ತೆಗೆದು ಅದರ ಮೇಲೆ, 'ಕರ್ನಾಟಕದ ಪ್ರಾಚೀನ ರಾಜಧಾನಿಗಳು: ಏಳು ದಿನಗಳ ಪ್ರವಾಸ' ಎಂದು ದಪ್ಪಕ್ಷರದಲ್ಲಿ ಬರೆದೆ.

ಯೋಜನೆ ಮಾಡುವುದರಲ್ಲಿ ಒಂದು ಸುಖವಿದೆ. ಬಸ್ಸು ಕೆಡುವುದಿಲ್ಲ, ಕಾಲು ನೋಯುವುದಿಲ್ಲ, ಮಕ್ಕಳಿಗೆ ವಾಂತಿಯಾಗುವುದಿಲ್ಲ. ಅರ್ಧ ಗಂಟೆಯಲ್ಲಿ ನಾನು ಕದಂಬರ ಬನವಾಸಿ, ಚಾಲುಕ್ಯರ ಬಾದಾಮಿ, ರಾಷ್ಟ್ರಕೂಟರ ಮಳಖೇಡ, ಹೊಯ್ಸಳರ ಹಳೆಬೀಡು, ವಿಜಯನಗರದ ಹಂಪೆ, ಕೆಳದಿ ಅರಸರ ಕೆಳದಿ, ಇಕ್ಕೇರಿ, ಬಿದನೂರು, ಎಲ್ಲವನ್ನೂ ಗೆದ್ದುಬಿಟ್ಟೆ. ಸಮುದ್ರಗುಪ್ತನೂ ಇಷ್ಟು ಬೇಗ ದಿಗ್ವಿಜಯ ಮಾಡಿರಲಾರನು.

ಸಂಜೆ ಕುಟುಂಬದ ಪರಿಷತ್ತು ಸೇರಿತು. ನಮ್ಮ ತಾಯಿಯವರು ಪಟ್ಟಿಯನ್ನು ಓದಿಸಿ ಕೇಳಿ, "ಇದರಲ್ಲಿ ತೀರ್ಥರಾಮೇಶ್ವರವೇ ಇಲ್ಲವಲ್ಲಪ್ಪಾ" ಎಂದರು. ಅದು ರಾಜಧಾನಿಯಲ್ಲವೆಂದು ನಾನು ವಿನಯದಿಂದ ತಿಳಿಸಿದೆ. "ರಾಮೇಶ್ವರನಿಗಿಂತ ದೊಡ್ಡ ರಾಜ ಯಾರು?" ಎಂದರು. ಇದಕ್ಕೆ ಯಾವ ಶಾಸನದಲ್ಲಿಯೂ ಉತ್ತರವಿಲ್ಲ. ನನ್ನಾಕೆ ಮಳಖೇಡವನ್ನು ಭೂಪಟದಲ್ಲಿ ಹುಡುಕಿ, ಅದು ಕಲಬುರಗಿಯ ಪಕ್ಕದಲ್ಲಿ ಕಂಡಾಗ, ಒಂದು ಮಾತೂ ಆಡದೆ ಅದರ ಮೇಲೆ ಗೆರೆ ಎಳೆದಳು. ಹತ್ತು ವರ್ಷದ ಮಗಳು, ಜಗಳೂರಿನ ಹತ್ತಿರದ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳಿವೆಯೆಂದೂ, 2011ರಲ್ಲಿ ಆ ಕಾಡನ್ನು ಅವುಗಳಿಗಾಗಿ ವನ್ಯಧಾಮ ಮಾಡಿದರೆಂದೂ ಎಲ್ಲಿಯೋ ಓದಿದ್ದವಳು, "ಹಾಗಾದರೆ ಅದು ಕೊಂಡುಕುರಿಗಳ ರಾಜಧಾನಿ ಅಲ್ಲವೇ, ಅಪ್ಪಾ?" ಎಂದಳು. ಅವಳ ತರ್ಕ ಅವಳ ಅಜ್ಜಿಯದೇ.

ಒಂದೊಂದು ಸಂಜೆಗೂ ಒಂದೊಂದು ರಾಜ್ಯ ಬಿದ್ದುಹೋಯಿತು. ಹಂಪೆ ಮಂಗಳವಾರ ಹೋಯಿತು, ಬಿಸಿಲು ಹೆಚ್ಚೆಂದು. ಹಳೆಬೀಡು ಬುಧವಾರ ಹೋಯಿತು, ಮದುವೆಗೆ ಮುಂಚೆ ನನ್ನಾಕೆ ಕಾಲೇಜಿನವರೊಡನೆ ಅದನ್ನು ನೋಡಿದ್ದಳೆಂದು. ಗುರುವಾರ ಬಾದಾಮಿಯ ಪತನ. ಕೆಳದಿ ಇಕ್ಕೇರಿಗಳು ಸಾಗರದ ಆಸುಪಾಸಿನಲ್ಲಿಯೇ ಇರುವುದರಿಂದಲೂ, ಸಾಗರದಲ್ಲಿ ನನ್ನಾಕೆಯ ಚಿಕ್ಕಮ್ಮನ ಮನೆಯಿರುವುದರಿಂದಲೂ ಅವು ಶುಕ್ರವಾರದವರೆಗೆ ಉಳಿದವು. ಆದರೆ ಚಿಕ್ಕಮ್ಮನ ಮನೆಗೆ ಹೋದರೆ ಎರಡು ದಿನ ಉಳಿಯದೆ ಬರಲಾಗದೆಂಬ ಕಾರಣದಿಂದ ಅವುಗಳೂ ಮುಂದಿನ ಬೇಸಗೆಗೆ ಹೋದವು.

ಹಣಕಾಸಿನ ಪ್ರಶ್ನೆ ಮಾತ್ರ ಅನಿರೀಕ್ಷಿತವಾಗಿ ಸುಲಭವಾಯಿತು. 2023ರ ಜೂನಿನಿಂದ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಷ್ಟೆ. ಕಾಗದದ ಮೇಲೆ ಲೆಕ್ಕ ಹಾಕಿದಾಗ, ನಮ್ಮ ನಾಲ್ವರ ಸಂಸಾರದ ಪ್ರಯಾಣದಲ್ಲಿ ಖರ್ಚು ಎಂಬುದು ಇದ್ದರೆ ಅದು ನಾನೊಬ್ಬನೇ ಎಂದು ತಿಳಿಯಿತು. ನನ್ನಾಕೆ ಇದನ್ನು ಗಮನಿಸಿ, "ಹಾಗಾದರೆ ಮಿತವ್ಯಯಕ್ಕಾಗಿ ನಿಮ್ಮನ್ನು ಬಿಟ್ಟು ಹೋಗಬಹುದು" ಎಂದಳು.

ಕೊನೆಗೆ ಉಳಿದದ್ದು ಮೂರು ಊರುಗಳು: ತಾಳಗುಂದ, ಬಳ್ಳಿಗಾವಿ, ಬನವಾಸಿ. ಒಂದೇ ದಾರಿಯ ಮೇಲೆ, ಒಂದು ಶನಿವಾರ ಮತ್ತು ಒಂದು ಭಾನುವಾರದಲ್ಲಿ ಮುಗಿಯುವಂತಹವು. ಹೊನ್ನಾಳಿಯಿಂದ ನ್ಯಾಮತಿ, ಸವಳಂಗ, ಶಿಕಾರಿಪುರ, ಶಿರಾಳಕೊಪ್ಪ. ಶಿರಾಳಕೊಪ್ಪಕ್ಕೆ ಬಳ್ಳಿಗಾವಿ ತೀರ ಹತ್ತಿರ, ಅಲ್ಲಿಂದ ತಾಳಗುಂದ ಕೆಲವೇ ಕಿಲೋಮೀಟರು. ಮುಂದೆ ಆನವಟ್ಟಿಯ ಮೇಲೆ ಬನವಾಸಿ.

ಪಟ್ಟಿ ಚಿಕ್ಕದಾದ ಮೇಲೆ ಒಂದು ವಿಚಿತ್ರ ನಡೆಯಿತು. ಏಳು ದಿನಗಳ ದಿಗ್ವಿಜಯದಲ್ಲಿ ಬರಿಯ ಹೆಸರುಗಳಾಗಿದ್ದ ಊರುಗಳು ಎರಡು ದಿನಗಳ ಪಟ್ಟಿಯಲ್ಲಿ ಊರುಗಳಾಗತೊಡಗಿದವು. ಮಗಳು ತಾಳಗುಂದದಲ್ಲಿ ಏನಿದೆಯೆಂದು ಕೇಳಿದಳು. ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ, ಅದರ ಮೇಲೆ ಕುಬ್ಜನೆಂಬ ಕವಿಯ ಸಂಸ್ಕೃತ ಪದ್ಯಗಳಿವೆ ಎಂದೆ. ಆ ಊರಿನ ಮಯೂರಶರ್ಮನು ಓದುವುದಕ್ಕೆಂದು ಗುರು ವೀರಶರ್ಮನೊಡನೆ ದೂರದ ಕಂಚಿಗೆ ಹೋದದ್ದು. ಅಲ್ಲಿ ಪಲ್ಲವರ ಕುದುರೆಸವಾರನೊಬ್ಬನೊಡನೆ ಜಗಳವಾದದ್ದು. ಅವಮಾನದಿಂದ ಕುದಿದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ನಾಲ್ಕನೆಯ ಶತಮಾನದಲ್ಲಿ ಕದಂಬರ ರಾಜ್ಯವನ್ನು ಕಟ್ಟಿದ್ದು. ಈ ಕಥೆಯೆಲ್ಲ ಆ ಕಂಬದ ಮೇಲಿದೆ ಎಂದೆ. "ಓದಲು ಹೋದವನು ರಾಜನಾಗಿ ಬಂದನೇ?" ಎಂದು ಅವಳು ಕಣ್ಣರಳಿಸಿದಳು. ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ನಮ್ಮ ತಾಯಿಯವರು, "ನಿಮ್ಮಪ್ಪ ಓದಲು ಹೋಗಿ ಮೇಷ್ಟರಾಗಿ ಬಂದ. ಅದೂ ಪರವಾಗಿಲ್ಲ" ಎಂದರು.

ರಾತ್ರಿ ಎಲ್ಲಿ ತಂಗುವುದೆಂಬುದು ದೊಡ್ಡ ಚರ್ಚೆಯಾಯಿತು. ಲಾಡ್ಜಿನಲ್ಲಿ ಹಾಸಿಗೆ ಹೇಗಿರುವುದೋ, ಬಿಸಿನೀರು ಇರುವುದೋ ಇಲ್ಲವೋ, ಅಮ್ಮನ ಮೊಣಕಾಲಿಗೆ ಮೆಟ್ಟಿಲೆಷ್ಟೋ. ಆಗ ನನಗೆ ಬಳ್ಳಿಗಾವಿಯ ಕೋಡಿಯಮಠದ ನೆನಪಾಯಿತು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಆ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿ ನಡೆಯುತ್ತಿತ್ತು. ಅಷ್ಟೇ ಅಲ್ಲ, ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅಲ್ಲಿ ಊಟವಿತ್ತು, ರೋಗಿಗಳಿಗೆ ಔಷಧವಿತ್ತು, ಬೇರೆ ಬೇರೆ ಮತಗಳ ಸಂನ್ಯಾಸಿಗಳಿಗೆ ಆಶ್ರಯವಿತ್ತು. ಅಲ್ಲಮಪ್ರಭು ಹುಟ್ಟಿದ ಊರು ಅದು; ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಿಯೇ ಸಮೀಪ. ಇದನ್ನೆಲ್ಲ ಮನೆಯವರಿಗೆ ವಿವರಿಸಿದೆ. ನಮ್ಮ ತಾಯಿಯವರು ಸಮಾಧಾನದಿಂದ, "ಹಾಗಾದರೆ ಅಲ್ಲಿಯೇ ಇಳಿದುಕೊಳ್ಳೋಣ" ಎಂದರು. ಎಂಟುನೂರು ವರ್ಷ ತಡವಾಗಿದೆಯೆಂದು ಅವರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಶಿರಾಳಕೊಪ್ಪದ ಒಂದು ಲಾಡ್ಜಿಗೆ ದೂರವಾಣಿ ಮಾಡಿ, ನೆಲದ ಅಂತಸ್ತಿನ ಕೋಣೆಯನ್ನು ಕಾಯ್ದಿರಿಸಿದೆ.

ಈಗ ನನ್ನ ಮನಸ್ಸಿನ ಒಳಗುಟ್ಟನ್ನು ಹೇಳಬೇಕು. ಈ ಯೋಜನೆಯ ಅವಸರದಲ್ಲಿ ಚರಿತ್ರೆಯ ಪ್ರೇಮಕ್ಕಿಂತ ಕಳ್ಳನ ಜಾಣತನವೇ ಹೆಚ್ಚಾಗಿತ್ತು. ಬೇಗನೆ ಹೋಗಿ ಬನವಾಸಿಯನ್ನು ನೋಡಿ ಬಂದುಬಿಟ್ಟರೆ ನಾನು ಹೇಳಿದ್ದು ನಿಜವಾಗುತ್ತದೆ. ಮಧುಕೇಶ್ವರ ದೇವಾಲಯದಲ್ಲಿ ಕಲ್ಲಿನ ಮಂಚವೊಂದಿದೆಯಂತೆ. ಅದರ ವಿಷಯ ಮುಂದಿನ ತರಗತಿಯಲ್ಲಿ ಸಹಜವೆಂಬಂತೆ ತೇಲಿಸಿಬಿಟ್ಟರೆ ಯಾರಿಗೂ ಸಂಶಯವೇ ಬಾರದು. ತಾರೀಖು ಮಾತ್ರ ಸ್ವಲ್ಪ ಹಿಂದುಮುಂದು, ಅಷ್ಟೇ. ಚರಿತ್ರಕಾರರು ಐವತ್ತು ವರ್ಷ ಹಿಂದುಮುಂದು ಮಾಡುತ್ತಾರೆ. ನನ್ನದು ಮೂರೇ ವಾರ.

ಗುರುವಾರ ರಾತ್ರಿ ನನ್ನಾಕೆ ಬಟ್ಟೆ ಮಡಿಸುತ್ತ ಕೇಳಿದಳು: "ಹನ್ನೊಂದು ವರ್ಷ ತಡೆದವರು ಇನ್ನೊಂದು ವಾರ ತಡೆಯಲಾರಿರೇ? ಈ ಶನಿವಾರವೇ ಏಕೆ? ಅಮ್ಮನ ಕಾಲುನೋವು ಇನ್ನೂ ಇಳಿದಿಲ್ಲ."

ನಾನು ಹೇಳಿಬಿಟ್ಟೆ. ಹುಡುಗನ ಪ್ರಶ್ನೆ, ನನ್ನ ಉತ್ತರ, ವರದಾ ನದಿಯ ಗಾಳಿ, ಎಲ್ಲವನ್ನೂ. ಅವಳು ನಗುವಳೆಂದುಕೊಂಡಿದ್ದೆ. ಅವಳು ನಗಲಿಲ್ಲ. ಮಡಿಸಿದ ಸೀರೆಯನ್ನು ಚೀಲದೊಳಗಿಡುತ್ತ, "ಈಗ ಹೋಗಿ ನೋಡಿ ಬಂದರೆ ಅಂದಿನ ಸುಳ್ಳು ನಿಜವಾಗುವುದಿಲ್ಲ, ರೀ. ಹಳೆಯ ಸುಳ್ಳಿಗೆ ಹೊಸ ಟಿಕೆಟ್ಟು ತೆಗೆದಂತಾಗುತ್ತದೆ. ಆ ಮಗು ನಿಮ್ಮನ್ನು ಕೇಳಿದ್ದು ಮಾವಿನ ಮರವನ್ನು" ಎಂದಳು.

ಅಂದು ರಾತ್ರಿ ಹ್ಯೂಯೆನ್‌ತ್ಸಾಂಗನ ನೆನಪು ನನ್ನನ್ನು ಬಿಡಲಿಲ್ಲ. ಅರಸನ ಆಸ್ಥಾನದಲ್ಲಿ ಕುಳಿತು, ಹದಿನಾರು ವರ್ಷ ತಿರುಗಿ ಬಂದ ಅವನು ಎಲ್ಲವನ್ನೂ ಕಂಡೆನೆಂದರೆ ಪರೀಕ್ಷಿಸುವವರು ಯಾರಿದ್ದರು? ಚಾಂಗಾನಿನಿಂದ ಯಾರು ಬಂದು ನಮ್ಮ ನಾಡನ್ನು ಅಳೆದು ನೋಡುತ್ತಿದ್ದರು? ಆದರೂ ಗುರುಶಿಷ್ಯರು ಎರಡು ಶಬ್ದಗಳನ್ನು ಬೇರೆಬೇರೆಯಾಗಿಟ್ಟರು. ನನ್ನನ್ನೂ ಪರೀಕ್ಷಿಸುವವರು ಯಾರಿರಲಿಲ್ಲ. ಜಗಳೂರಿನ ಆ ಹುಡುಗನು ನನ್ನ ಮಾತನ್ನು ನಂಬಿ ಕುಳಿತುಕೊಂಡಿದ್ದನು. ನಂಬಿದ್ದನೆಂಬುದೇ ನೋಯುತ್ತಿತ್ತು.

ಶುಕ್ರವಾರ ತರಗತಿಗೆ ಹೋಗಿ, ಹಾಜರಿ ಮುಗಿಸಿ, ಪುಸ್ತಕವನ್ನು ಮುಚ್ಚಿದೆ. ಮೇಜಿನ ಅಂಚನ್ನು ಎರಡು ಕೈಗಳಿಂದ ಹಿಡಿದುಕೊಂಡದ್ದು ನೆನಪಿದೆ. "ಕಳೆದ ತಿಂಗಳು ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಬನವಾಸಿಯನ್ನು ನೋಡಿದ್ದೇನೆಂದು ಹೇಳಿದೆ. ನಾನು ನೋಡಿಲ್ಲ. ಹನ್ನೊಂದು ವರ್ಷಗಳಿಂದ ಪುಸ್ತಕದಲ್ಲಿದ್ದುದನ್ನೇ ಹೇಳಿಕೊಂಡು ಬಂದಿದ್ದೇನೆ. ನಾಳೆ ಮೊದಲ ಸಲ ಹೋಗುತ್ತಿದ್ದೇನೆ" ಎಂದೆ.

ಅರವತ್ತು ಮಂದಿ ಸುಮ್ಮನಿದ್ದರು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಈ ಕೊಠಡಿಯಲ್ಲಿ ಇನ್ನು ನನ್ನ ಮಾತಿಗೆ ಬೆಲೆಯಿರದೆಂದು ನಾನು ಆ ಕ್ಷಣದಲ್ಲಿ ನಿಶ್ಚಯಿಸಿಕೊಂಡಿದ್ದೆ.

ಆ ಹುಡುಗನು ಎದ್ದು ನಿಂತನು. ಸ್ವಲ್ಪ ಹೊತ್ತು ಮಾತು ಹುಡುಕಿ, "ಸಾರ್, ಉಚ್ಚಂಗಿದುರ್ಗವನ್ನಾದರೂ ನೋಡಿದ್ದೀರಾ?" ಎಂದನು.

ಇಲ್ಲವೆಂದೆ. ಈ ಸಲ ಆ ಮಾತು ಸುಲಭವಾಗಿ ಬಂದಿತು.

"ನಮ್ಮ ಕಡೆಯಿಂದ ಹತ್ತಿರ ಸಾರ್. ಭರತ ಹುಣ್ಣಿಮೆಗೆ ನಮ್ಮೂರವರು ಉಚ್ಚಂಗೆಮ್ಮನ ಜಾತ್ರೆಗೆ ಹೋಗುತ್ತಾರೆ. ನಾನು ಆರು ಸಲ ಬೆಟ್ಟ ಹತ್ತಿದ್ದೇನೆ. ಅದೂ ರಾಜಧಾನಿಯಾಗಿತ್ತಂತೆ."

ಹೌದು, ಆಗಿತ್ತು. ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆ ಅದು. ಆ ಕೋಟೆಗಾಗಿ ಹೊಯ್ಸಳ ವಿಷ್ಣುವರ್ಧನನೂ ಅವನ ಮೊಮ್ಮಗ ವೀರಬಲ್ಲಾಳನೂ ಕಾದಿದರು. ನನಗೆ ಇದು ಪುಸ್ತಕದಿಂದ ಗೊತ್ತು. ಅವನಿಗೆ ಅದರ ಮೆಟ್ಟಿಲುಗಳು ಗೊತ್ತು.

ಆಮೇಲೆ ತರಗತಿಯನ್ನು ತಡೆಯಲಾಗಲಿಲ್ಲ. ಚನ್ನಗಿರಿ ತಾಲ್ಲೂಕಿನ ಹುಡುಗಿಯೊಬ್ಬಳು ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿದ್ದೀರಾ ಎಂದಳು. ಹದಿನಾರನೆಯ ಶತಮಾನದಲ್ಲಿ ಹನುಮಂತಪ್ಪ ನಾಯಕನು ಕಟ್ಟಿಸಿದ ಕೊಳ, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆ. ಆ ಊರಿನ ಮೇಲೆ ಬಸ್ಸಿನಲ್ಲಿ ನಾನು ಎಷ್ಟೋ ಸಲ ಹೋಗಿದ್ದೇನೆ, ಇಳಿದಿರಲಿಲ್ಲ. ಅವಳ ಮನೆಯವರು ಮದುವೆಯ ದಿಬ್ಬಣ ಬಂದಾಗಲೆಲ್ಲ ನೆಂಟರಿಗೆ ಕೊಳ ತೋರಿಸುತ್ತಾರಂತೆ. ಮತ್ತೊಬ್ಬನು ಸೂಳೆಕೆರೆಯ ಏರಿಯ ಮೇಲೆ ನಿಂತರೆ ಆಚೆಯ ದಡ ಕಾಣದೆಂದನು. ಆ ಕೆರೆ ಕಟ್ಟಿಸಿದ ಶಾಂತವ್ವೆಯ ಕಥೆಯನ್ನು ತನ್ನ ಅಜ್ಜಿ ಹೇಳುವ ರೀತಿಯೇ ಬೇರೆಯೆಂದನು. ಚನ್ನಗಿರಿ ಎಂಬ ಹೆಸರು ಕೆಳದಿಯ ಚೆನ್ನಮ್ಮರಾಣಿಯಿಂದ ಬಂದದ್ದೆಂದು ಹೇಳುತ್ತಾರಷ್ಟೆ. ಆ ಬೆಟ್ಟದ ಕೋಟೆಯಲ್ಲಿ ತಾವು ಬಾಲ್ಯದಲ್ಲಿ ಕಣ್ಣಾಮುಚ್ಚಾಲೆ ಆಡಿದ್ದಾಗಿ ಇಬ್ಬರು ಒಟ್ಟಿಗೆ ಹೇಳಿದರು.

ಕೊನೆಯಲ್ಲಿ ನ್ಯಾಮತಿಯ ಕಡೆಯ ತಾಂಡಾದಿಂದ ಬರುವ ಹುಡುಗನೊಬ್ಬನು ಸಂಕೋಚದಿಂದ ಎದ್ದನು. "ನಮ್ಮದು ರಾಜಧಾನಿಯಲ್ಲ ಸಾರ್. ಸೂರಗೊಂಡನಕೊಪ್ಪ. ಸೇವಾಲಾಲರು ಹುಟ್ಟಿದ ಜಾಗ. ಫೆಬ್ರುವರಿಯಲ್ಲಿ ಎಲ್ಲೆಲ್ಲಿಂದಲೋ ನಮ್ಮವರು ಬರುತ್ತಾರೆ. ಹೊರರಾಜ್ಯಗಳಿಂದಲೂ ಬರುತ್ತಾರೆ. ಎಷ್ಟೋ ಜನ ನಡೆದುಕೊಂಡೇ ಬರುತ್ತಾರೆ." ರಾಮೇಶ್ವರನಿಗಿಂತ ದೊಡ್ಡ ರಾಜ ಯಾರೆಂದು ಕೇಳಿದ ನಮ್ಮ ತಾಯಿಯವರ ನೆನಪಾಯಿತು. ಇಷ್ಟೊಂದು ಜನ ನಡೆದು ಬರುವ ಊರು ರಾಜಧಾನಿಯಲ್ಲವೆಂದು ಹೇಳುವುದಕ್ಕೆ ನನಗೆ ಯಾವ ಅಧಿಕಾರವಿದೆ ಎಂದು ತೋರಿತು. ನಾಳೆ ನಮ್ಮ ಬಸ್ಸು ಅವನ ತಾಲ್ಲೂಕಿನ ಮೇಲೆಯೇ ಹೋಗುವುದು.

ಗಂಟೆ ಹೊಡೆಯಿತು. ಪಾಠವೇನೂ ಆಗಿರಲಿಲ್ಲ. ಆ ಹನ್ನೊಂದು ವರ್ಷಗಳಲ್ಲಿ ಆ ತರಗತಿಯಷ್ಟು ಕಲಿತದ್ದು ನನಗೆ ಬೇರೆ ನೆನಪಿಲ್ಲ. ಬಾಗಿಲ ಬಳಿ ಜಗಳೂರಿನ ಹುಡುಗನು ನಿಂತಿದ್ದನು. "ಸಾರ್, ನಾಳೆ ಹೋದಾಗ ಮಾವಿನ ಮರ ಎಷ್ಟಿವೆ ಎಣಿಸಿಕೊಂಡು ಬನ್ನಿ. ಎಣಿಸಲಾಗದಷ್ಟು ಇದ್ದರೆ ಹಾಗೆಂದೇ ಹೇಳಿ" ಎಂದು, ನಾನು ಉತ್ತರ ಕೊಡುವ ಮೊದಲೇ ಹಾಸ್ಟೆಲಿನ ಊಟದ ಗಂಟೆಗೆ ಓಡಿದನು.

ಈ ಪ್ರಬಂಧವನ್ನು ಬರೆಯುತ್ತಿರುವುದು ಶುಕ್ರವಾರ ರಾತ್ರಿ. ನಮ್ಮ ತಾಯಿಯವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ತಾವು ಬಂದೇ ಬರುವುದಾಗಿ ಸಾರಿ ಮಲಗಿದ್ದಾರೆ. ತೀರ್ಥರಾಮೇಶ್ವರವನ್ನು ಮುಂದಿನ ತಿಂಗಳಿಗೆಂದು ಬರೆದುಕೊಟ್ಟಿದ್ದೇನೆ. ಅವರು ಆ ಚೀಟಿಯನ್ನು ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡಿದ್ದಾರೆ. ಉಚ್ಚಂಗಿದುರ್ಗ ಭರತ ಹುಣ್ಣಿಮೆಗೆ, ಮಾರ್ಗದರ್ಶಕನು ಗೊತ್ತಾಗಿದ್ದಾನೆ. ಸಂತೇಬೆನ್ನೂರಿನಲ್ಲಿ ಮುಂದಿನ ಸಲ ಬಸ್ಸಿನಿಂದ ಇಳಿಯುವುದೆಂದು ನಿರ್ಧಾರವಾಗಿದೆ. ಅಡಿಗೆಮನೆಯಲ್ಲಿ ನನ್ನಾಕೆ ಚಪಾತಿಗಳನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಟ್ಟುತ್ತಿರುವ ಸದ್ದು ಕೇಳುತ್ತಿದೆ. ಭಾವಮೈದುನನಿಗೆ ಚೀನಾ ಪ್ರವಾಸದ ಶುಭಾಶಯ ಹೇಳಿ, ಆ ಗೋಪುರದ ಮುಂದೆ ನಿಂತಾಗ ನನ್ನದೊಂದು ನಮಸ್ಕಾರ ಸಲ್ಲಿಸೆಂದು ಬರೆದಿದ್ದೇನೆ.

ಮಗಳು ಪ್ರವಾಸಕ್ಕೆಂದು ಒಂದು ಹೊಸ ನೋಟುಪುಸ್ತಕವನ್ನು ತೆಗೆದಿಟ್ಟಿದ್ದಾಳೆ. ನಾನು ಹೇಳಿದ ಚೀನೀ ಯಾತ್ರಿಕನ ಕಥೆ ಅವಳಿಗೆ ಚೆನ್ನಾಗಿ ಹಿಡಿಸಿದೆ. ಮೊದಲ ಪುಟದಲ್ಲಿ ಅಡ್ಡಗೋಲಿಟ್ಟು ನಡುವೆ ಗೆರೆ ಎಳೆದು, ಒಂದು ಕಡೆ 'ಕೇಳಿದ್ದು' ಎಂದೂ ಇನ್ನೊಂದು ಕಡೆ 'ನೋಡಿದ್ದು' ಎಂದೂ ಬರೆದಿದ್ದಾಳೆ. ಕೇಳಿದ್ದರ ಕೆಳಗೆ ಆಗಲೇ ಪುಟ ತುಂಬಿದೆ. ನೋಡಿದ್ದರ ಕೆಳಗೆ ಇನ್ನೂ ಏನೂ ಇಲ್ಲ.

ಬಸ್ಸು ಬೆಳಿಗ್ಗೆ ಆರೂವರೆಗೆ. ದೀಪ ಆರಿಸಬೇಕು.